ವೇಗದ ಮಿತಿಯೂ ಮನಸ್ಸಾಕ್ಷಿಯೂ



ನಮ್ಮ ಗ್ರಾಮಸಭೆಗಳಲ್ಲಿ ವಾಹನ ನಡಿಸಿ ಜೀವನ ಮಾಡುವವರು ಈಗ ಸ್ವಲ್ಪ ಜನರಲ್ಲ. ಒಬ್ಬನು ಲಾರಿಯನ್ನೂ ಒಬ್ಬನು ಆಟೋರಿಕ್ಷಾವನ್ನೂ ಮತ್ತೊಬ್ಬನು ಶಾಲೆಯ ಮಕ್ಕಳ ವ್ಯಾನನ್ನೂ ನಡಿಸುತ್ತಾನೆ. ಮೋಟರ್ ಸೈಕಲ್ಲು ಇಲ್ಲದ ಮನೆಯಂತೂ ಅಪರೂಪ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಇಂಥವರು ಕೂಡಿ ಮಾತಾಡುವಾಗ ಮೂರು ದೂರುಗಳು ಪದೇಪದೇ ಕೇಳಬರುತ್ತವೆ. ರಸ್ತೆಯು ನೆಟ್ಟಗೆ, ಅಗಲವಾಗಿ, ಬರಿದಾಗಿ ಇರುವಾಗ ಅಲ್ಲಿ 40 ಎಂದು ಬೋರ್ಡು ನೆಟ್ಟು, ಮೀರಿದವನಿಂದ ದಂಡ ಕಿತ್ತುಕೊಳ್ಳುವದು ನ್ಯಾಯವೋ ಎಂಬದು ಒಂದನೆಯದು. ಕೆಲಸ ನಡೆಯುತ್ತಿದೆ, ನಿಧಾನವಾಗಿ ಚಲಿಸಿರಿ ಎಂದು ಬರೆದ ಹಲಗೆ ಇದೆ, ಆದರೆ ಅಲ್ಲಿ ಕೆಲಸವೂ ಇಲ್ಲ, ಕೆಲಸದಾಳೂ ಇಲ್ಲ. ಇಂಥ ಸುಳ್ಳು ಹಲಗೆಗೆ ಯಾಕೆ ತಲೆಬಾಗಬೇಕು ಎಂಬದು ಎರಡನೆಯದು. ನಿಯಮದ ಪ್ರಕಾರ ಹೋಗುವವನ ಬೆನ್ನಿಗೆ ಹತ್ತಿಕೊಂಡು ಬಂದು, ಹಾರನ್ನು ಒತ್ತಿ ಒತ್ತಿ, ಕಣ್ಣು ಕುಕ್ಕುವಂತೆ ದೀಪ ಹಾಕಿ, ಕಡೆಗೆ ಬಯ್ದು ಮುಂದೆ ನುಗ್ಗುವವರ ನಡುವೆ ಒಬ್ಬನೇ ನಿಯಮ ಪಾಲಿಸಿದರೆ ಬಂದ ಲಾಭವೇನು ಎಂಬದು ಮೂರನೆಯದು.

ಇವು ಪೊಲೀಸರಿಗೂ ಇಂಜಿನಿಯರರಿಗೂ ಸೇರಿದ ಮಾತುಗಳು, ಸಭೆಯ ಪತ್ರಿಕೆಗೆ ಇವುಗಳಲ್ಲಿ ಏನು ಕೆಲಸ ಎಂದು ಕೆಲವರು ಕೇಳಾರು. ಆದರೆ ಈ ದೂರುಗಳೊಳಗೆ ಆತ್ಮಕ್ಕೆ ಸಂಬಂಧಪಟ್ಟ ಎರಡು ಪ್ರಶ್ನೆಗಳು ಅಡಗಿವೆ. ಕಾರಣವು ನನ್ನ ಕಣ್ಣಿಗೆ ಕಾಣದ ಆಜ್ಞೆಗೆ ನಾನು ಒಳಗಾಗಬೇಕೋ? ನನ್ನ ಹೊತ್ತು ನನ್ನ ನೆರೆಯವನ ಜೀವಕ್ಕಿಂತ ಭಾರವುಳ್ಳದ್ದೋ? ಈ ಪ್ರಶ್ನೆಗಳು ರಸ್ತೆಯ ಮೇಲೆ ದಿನಾಲು ಉತ್ತರವನ್ನು ಕೇಳುತ್ತವೆ. ನಾವು ಬಾಯಿಂದಲ್ಲ, ಕಾಲಿನಿಂದ ಉತ್ತರ ಕೊಡುತ್ತೇವೆ. ಆದಕಾರಣ ಅವುಗಳನ್ನು ಕ್ರಮವಾಗಿ ವಿಚಾರಿಸುವದು ಒಳ್ಳೇದು.

ಮೊದಲನೆಯದಾಗಿ, ವೇಗದ ಮಿತಿ ಎಂಬದು ಎಲ್ಲಿಂದ ಬಂತು? ಇಂಗ್ಲೆಂಡು ದೇಶದಲ್ಲಿ 1865ರಲ್ಲಿ ಒಂದು ಕಾನೂನು ಹುಟ್ಟಿತು. ಕುದುರೆಯಿಲ್ಲದೆ ತನ್ನಷ್ಟಕ್ಕೆ ಓಡುವ ಯಂತ್ರದ ಬಂಡಿಯು ಬಯಲುಸೀಮೆಯಲ್ಲಿ ಗಂಟೆಗೆ 4 ಮೈಲು, ಪಟ್ಟಣದಲ್ಲಿ 2 ಮೈಲು ಮಾತ್ರ ಹೋಗಬಹುದೆಂದೂ, ಒಬ್ಬ ಮನುಷ್ಯನು ಕೆಂಪು ಬಾವುಟ ಹಿಡುಕೊಂಡು ಅದರ ಮುಂದೆ ನಡೆಯಬೇಕೆಂದೂ ಆ ಕಾನೂನು ವಿಧಿಸಿತು. ಇದು ಅತಿಯಾದ ಕಟ್ಟಳೆ ಎಂದು ಜನರು ಗೊಣಗಿದರು. 1896ರಲ್ಲಿ ಅದು ಸಡಿಲಿಸಲ್ಪಟ್ಟಿತು. ಕಾಲಕ್ರಮೇಣ ಮೋಟರುಗಳು ಹೆಚ್ಚಿದವು. 1930ರಲ್ಲಿ ಕಾರುಗಳಿಗೆ ಇದ್ದ ಮಿತಿಯನ್ನು ಆ ದೇಶದವರು ಪೂರ್ಣವಾಗಿ ತೆಗೆದುಹಾಕಿ, ಸಭ್ಯನಾದ ಮನುಷ್ಯನು ತನ್ನ ವಿವೇಕದಿಂದಲೇ ನಡೆಯುವನೆಂದು ನಂಬಿದರು. ಆ ನಂಬಿಕೆಗೆ ಬಂದ ಉತ್ತರವೇನು? 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನರು ಸತ್ತರು. ಆಗ ಅವರು ಬೆದರಿ, ಮನೆಗಳು ಸೇರಿರುವ ಸ್ಥಳಗಳಲ್ಲಿ ಗಂಟೆಗೆ 30 ಮೈಲು, ಅಂದರೆ ಸುಮಾರು 48 ಕಿಲೋಮೀಟರು ಎಂಬ ಮಿತಿಯನ್ನು 1935ರ ಮಾರ್ಚಿಯಿಂದ ಮತ್ತೆ ಜಾರಿಗೆ ತಂದರು. ಮನುಷ್ಯನ ವಿವೇಕವೊಂದನ್ನೇ ನೆಚ್ಚಿಕೊಂಡ ಒಂದು ಜನಾಂಗವು ಐದೇ ವರುಷಗಳೊಳಗೆ ತನ್ನ ತಪ್ಪನ್ನು ಕಂಡುಕೊಂಡ ಸಂಗತಿ ಇದು. ಹೀಗಿರಲಾಗಿ, ಮಿತಿಯು ದಂಡದ ಹಣಕ್ಕೋಸ್ಕರ ಹುಟ್ಟಿದ್ದಲ್ಲ. ಸತ್ತವರ ಲೆಕ್ಕದಿಂದ ಹುಟ್ಟಿತು.

ನಮ್ಮ ದೇಶದ ಲೆಕ್ಕವು ಇದಕ್ಕಿಂತ ಘೋರವಾಗಿದೆ. ಸರಕಾರವು ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳಕೊಂಡರು. ಇವರಲ್ಲಿ ನೂರಕ್ಕೆ 71 ಮಂದಿಯ ಮರಣವು ಅತಿವೇಗದ ಲೆಕ್ಕದಲ್ಲಿ ಬರೆಯಲ್ಪಟ್ಟಿದೆ. ಸತ್ತವರಲ್ಲಿ 32,825 ಮಂದಿ ಯಾವ ವಾಹನವನ್ನೂ ಏರದೆ ಕಾಲ್ನಡೆಯಾಗಿ ಹೋಗುತ್ತಿದ್ದವರು. ವಾಚಕರೇ, ಈ ಕಡೇ ಅಂಕೆಯ ಮುಂದೆ ಸ್ವಲ್ಪ ನಿಲ್ಲಿರಿ. ಇವರಿಗೆ ಅವಸರವಿರಲಿಲ್ಲ, ಇವರ ಅವಸರದಿಂದ ಯಾರೂ ಸಾಯಲಿಲ್ಲ, ಬೇರೊಬ್ಬನ ಅವಸರವು ಇವರ ಮೇಲೆ ಬಂದು ಬಿತ್ತು.

ಇನ್ನು ವೇಗದ ಸ್ವಭಾವವನ್ನು ನೋಡೋಣ. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿಯು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. 100 ಕಿಲೋಮೀಟರು ಓಡುವದು ಸುಮಾರು 28 ಮೀಟರು ಸಾಗುತ್ತದೆ. ಅಡ್ಡ ಬಂದ ಕೂಸನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳುವದಕ್ಕೆ ಒಂದು ಸೆಕೆಂಡು ಹಿಡಿದರೂ, ಅಷ್ಟು ದೂರವು ಬ್ರೇಕು ಹಿಡಿಯುವದಕ್ಕೆ ಮೊದಲೇ ಮುಗಿದುಹೋಗಿರುವದು. ಇದಲ್ಲದೆ ವೇಗವು ಎರಡರಷ್ಟಾದರೆ ಡಿಕ್ಕಿಯ ಬಲವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸರಾಸರಿ ವೇಗವು ನೂರಕ್ಕೆ ಒಂದು ಪಾಲು ಹೆಚ್ಚಿದರೆ ಜೀವಹೋಗುವ ಅಪಘಾತಗಳ ಅಪಾಯವು ನೂರಕ್ಕೆ ನಾಲ್ಕು ಪಾಲಿನಷ್ಟು ಹೆಚ್ಚುವದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಇಷ್ಟೆಲ್ಲಾ ಅಪಾಯವನ್ನು ತಕ್ಕೊಂಡು ನಾವು ಗಳಿಸುವದೇನು? ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. 60ರ ವೇಗದಲ್ಲಿ ಹೋದವನು 20 ನಿಮಿಷಗಳಲ್ಲಿ ಮುಟ್ಟುತ್ತಾನೆ. 80ರ ವೇಗದಲ್ಲಿ ಹೋದವನು 15 ನಿಮಿಷಗಳಲ್ಲಿ ಮುಟ್ಟುತ್ತಾನೆ. ಲಾಭವು ಐದು ನಿಮಿಷ. ಆ ಐದು ನಿಮಿಷವನ್ನು ಅವನು ಊರು ಮುಟ್ಟಿದ ಮೇಲೆ ಚಹದ ಅಂಗಡಿಯಲ್ಲಿ ಕಳೆಯುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಮ್ಮ ಹಿರಿಯರು ಎತ್ತಿನ ಬಂಡಿಯ ಕಾಲದಲ್ಲಿಯೇ ಕಟ್ಟಿದರು.

ಆದರೆ ಚಾಲಕನು ಹೀಗನ್ನುವನು: ಇದೆಲ್ಲಾ ಸರಿ, ಜನರಿರುವಲ್ಲಿ ನಾನು ನಿಧಾನವಾಗಿಯೇ ಹೋಗುವೆನು, ಯಾರೂ ಇಲ್ಲದಲ್ಲಿ ಮಿತಿ ಯಾಕೆ? ನನ್ನ ಕಣ್ಣು ನನಗಿಲ್ಲವೋ? ಇದು ಹಗುರವಾದ ವಾದವಲ್ಲ. ಇದಕ್ಕೆ ತಕ್ಕ ಉತ್ತರ ಕೊಡಬೇಕು. ಅರಣ್ಯಕಾಂಡದ 22ನೇ ಅಧ್ಯಾಯದಲ್ಲಿ ಬಿಳಾಮನ ಕಥೆಯನ್ನು ನೀವು ಬಲ್ಲಿರಿ. ಅವನು ಕತ್ತೆಯ ಮೇಲೆ ಕೂತು ಅವಸರದಿಂದ ಹೋಗುತ್ತಿದ್ದನು. ಕತ್ತೆಯು ಒಂದು ಸಾರಿ ದಾರಿಬಿಟ್ಟು ಹೊಲಕ್ಕೆ ಇಳಿಯಿತು. ಇನ್ನೊಂದು ಸಾರಿ ಇಕ್ಕಟ್ಟಾದ ಸ್ಥಳದಲ್ಲಿ ಗೋಡೆಗೆ ಒತ್ತಿಕೊಂಡು ಅವನ ಪಾದವನ್ನು ಜಜ್ಜಿತು. ಮೂರನೇ ಸಾರಿ ನೆಲಕ್ಕೆ ಕುಸಿದು ಬಿದ್ದುಕೊಂಡಿತು. ಮೂರು ಸಾರಿಯೂ ಅವನು ಸಿಟ್ಟಿನಿಂದ ಅದನ್ನು ಹೊಡೆದನು. ಯಾಕಂದರೆ ಅವನ ಕಣ್ಣಿಗೆ ದಾರಿಯು ಬರಿದಾಗಿತ್ತು. ಬಿಚ್ಚುಗತ್ತಿ ಹಿಡಿದು ಎದುರಿಗೆ ನಿಂತವನನ್ನು ಕತ್ತೆಯು ಕಂಡಿತು, ದೀರ್ಘದರ್ಶಿ ಎನ್ನಿಸಿಕೊಂಡವನು ಕಾಣಲಿಲ್ಲ. ತನ್ನನ್ನು ತಡೆದದ್ದೇ ತನ್ನನ್ನು ಉಳಿಸಿತೆಂದು ಅವನಿಗೆ ತಿಳಿದದ್ದು ಕಣ್ಣು ತೆರೆಯಲ್ಪಟ್ಟ ಮೇಲೆಯೇ.

ರಸ್ತೆಯ ಬದಿಯಲ್ಲಿ ನಿಂತಿರುವ ಹಲಗೆಯೂ ಇಂಥಾದ್ದೇ. ಚಾಲಕನ ಕಣ್ಣು ಈ ಕ್ಷಣವನ್ನು ಮಾತ್ರ ನೋಡುತ್ತದೆ. ಹಲಗೆಯನ್ನು ನೆಟ್ಟವರು ಕಳೆದ ವರುಷಗಳನ್ನು ನೋಡಿರುತ್ತಾರೆ. ಆ ತಿರುವಿನ ಆಚೆ ಶಾಲೆಯ ಬಾಗಲಿದೆಯೆಂದೂ, ಮಳೆ ಬಂದರೆ ಅಲ್ಲಿ ನೀರು ನಿಲ್ಲುವದೆಂದೂ, ಸೇತುವೆಯ ಬಲ ಇಷ್ಟೇ ಎಂದೂ ಅವರಿಗೆ ಗೊತ್ತುಂಟು. 1988ರ ಮೋಟಾರು ವಾಹನಗಳ ಕಾಯಿದೆಯ 112ನೇ ಪ್ರಕರಣವು ಈ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಜನರ ಸುರಕ್ಷತೆಗಾಗಿ ಅಥವಾ ರಸ್ತೆಯ ಇಲ್ಲವೆ ಸೇತುವೆಯ ಸ್ಥಿತಿಯ ನಿಮಿತ್ತ ಮಿತಿಯನ್ನು ಇನ್ನೂ ಇಳಿಸಬಹುದೆಂದು ಅದು ಹೇಳುತ್ತದೆ. ಎಲ್ಲಾ ಮಿತಿಗಳೂ ಕಡಿಮೆಯಾಗಿಯೇ ಇಡಲ್ಪಟ್ಟಿವೆಯೆಂದು ಹೇಳುವದೂ ನ್ಯಾಯವಲ್ಲ. 2018ರಲ್ಲಿ ಕೇಂದ್ರ ಸರಕಾರವು ನಾಲ್ಕು ಸಾಲಿನ, ನಡುವೆ ವಿಭಾಗವುಳ್ಳ ಹೆದ್ದಾರಿಯಲ್ಲಿ ಕಾರುಗಳಿಗೆ 100 ಕಿಲೋಮೀಟರು, ಸರಕಿನ ಲಾರಿಗಳಿಗೆ 80 ಕಿಲೋಮೀಟರು ಎಂದು ಗೊತ್ತುಮಾಡಿತು. ಹೀಗಿದ್ದಾಗ್ಯೂ ಒಬ್ಬನು ತನ್ನ ಕಣ್ಣನ್ನೇ ನ್ಯಾಯಾಧಿಪತಿಯಾಗಿ ಕೂರಿಸಿಕೊಂಡರೆ, ಎದುರಿನಿಂದ ಬರುವವನಿಗೂ ಅದೇ ಹಕ್ಕನ್ನು ಕೊಡಬೇಕಾಗುವದು. ಎಲ್ಲರೂ ತಮ್ಮ ತಮ್ಮ ದೃಷ್ಟಿಗೆ ಸರಿಬಂದ ಹಾಗೆ ನಡೆದ ಕಾಲವು ಇಸ್ರಾಯೇಲಿಗೆ ಎಂಥಾ ದುರವಸ್ಥೆಯ ಕಾಲವಾಗಿತ್ತೆಂಬದನ್ನು ನ್ಯಾಯಸ್ಥಾಪಕರ ಪುಸ್ತಕ ಓದಿದವರು ಬಲ್ಲರು.

ಎರಡನೆಯದಾಗಿ, ಸುಳ್ಳು ಹಲಗೆಯ ವಿಷಯ. ಈ ದೂರಿನಲ್ಲಿ ಸತ್ಯವುಂಟೆಂದು ಮರೆಮಾಚದೆ ಹೇಳಬೇಕು. ಡಾಂಬರು ಹಾಕಿ ಕೆಲಸ ಮುಗಿಸಿ ರೋಲರು ಹೊರಟುಹೋಗಿ ತಿಂಗಳುಗಳಾದರೂ ಹಲಗೆಯು ಅಲ್ಲಿಯೇ ನಿಂತಿರುತ್ತದೆ. ಅದಕ್ಕಿಂತ ಕೆಟ್ಟದ್ದೇನಂದರೆ, ಹಲಗೆ ಇರಬೇಕಾದಲ್ಲಿ ಅದು ಇರುವದಿಲ್ಲ: ಅಗೆದ ಗುಂಡಿಯ ಮುಂದೆ ದೀಪವಿಲ್ಲ, ಜಲ್ಲಿಯ ರಾಶಿಯ ಮುಂದೆ ಬಣ್ಣ ಬಳಿದ ಒಂದು ಡಬ್ಬವೂ ಇಲ್ಲ, ಬದಲಿ ದಾರಿಯ ಗುರುತು ಗುಂಡಿಯ ಅಂಚಿನಲ್ಲಿಯೇ ಇಟ್ಟಿದೆ. ಹಗಲಲ್ಲಿ ಹ್ಯಾಗೋ ತಪ್ಪಿಸಿಕೊಂಡವನು ರಾತ್ರಿಯಲ್ಲಿ ತಪ್ಪಿಸಿಕೊಳ್ಳಲಾರನು.

ಇಂಥವರಿಗೆ ದೇವರ ವಾಕ್ಯವು ಮೌನವಾಗಿಲ್ಲ. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ, ಗುಂಡಿಯನ್ನು ತೆರೆದು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತಿಗೂ ಕತ್ತೆಗೂ ಬೆಲೆ ತೆರಬೇಕೆಂದು ವಿಧಿಸಲ್ಪಟ್ಟಿದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಕುಂಬೆಯನ್ನು ಕಟ್ಟಿಸದೆ ಇದ್ದರೆ ಅಲ್ಲಿಂದ ಬಿದ್ದವನ ರಕ್ತವು ಆ ಮನೆಯ ಮೇಲೆ ಬರುವದೆಂದು ತಿಳಿಸಲ್ಪಟ್ಟಿದೆ. ಎತ್ತಿನ ಲೆಕ್ಕವನ್ನೇ ಕೇಳುವ ದೇವರು ಮನುಷ್ಯನ ಲೆಕ್ಕವನ್ನು ಬಿಟ್ಟಾನೋ? ನಮ್ಮ ದೇಶದ ಕಾನೂನೂ ತಡವಾಗಿ ಈ ದಾರಿಗೆ ಬಂದಿದೆ. 2019ರಲ್ಲಿ ತಿದ್ದಲ್ಪಟ್ಟ ಮೋಟಾರು ವಾಹನಗಳ ಕಾಯಿದೆಯ 198ಎ ಪ್ರಕರಣದ ಪ್ರಕಾರ, ರಸ್ತೆಯ ರಚನೆಯಲ್ಲಿಯೂ ನಿರ್ವಹಣೆಯಲ್ಲಿಯೂ ಗೊತ್ತಾದ ಮಟ್ಟವನ್ನು ಪಾಲಿಸದೆ ಮರಣಕ್ಕೆ ಅಥವಾ ಅಂಗಊನಕ್ಕೆ ಕಾರಣರಾದ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡ ವಿಧಿಸಬಹುದು.

ಹುಬ್ಬಳ್ಳಿ ಧಾರವಾಡಗಳ ಬೈಪಾಸು ರಸ್ತೆಯ ಕಥೆಯನ್ನು ಉತ್ತರ ಸೀಮೆಯ ಸಭೆಗಳವರು ಮರೆತಿರಲಾರರು. ಎರಡು ಕಡೆಯೂ ಅಗಲವಾದ ಹೆದ್ದಾರಿ, ನಡುವೆ ವಿಭಾಗವಿಲ್ಲದ ಎರಡು ಸಾಲಿನ ಇಕ್ಕಟ್ಟು ದಾರಿ. ಅಗಲ ರಸ್ತೆಯ ವೇಗದಲ್ಲಿ ಬಂದವನು ಅದೇ ವೇಗದಲ್ಲಿ ಇಕ್ಕಟ್ಟಿಗೆ ನುಗ್ಗುತ್ತಿದ್ದನು. 2021ರ ಜನವರಿ 15ರ ಮುಂಜಾನೆ ಇಟಿಗಟ್ಟಿಯ ಬಳಿಯಲ್ಲಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿಯೂ ಒಂದು ಟಿಪ್ಪರೂ ಎದುರುಬದುರಾಗಿ ಡಿಕ್ಕಿ ಹೊಡೆದು, ಹತ್ತಕ್ಕೂ ಹೆಚ್ಚು ಜನರು ಅಲ್ಲಿ ಪ್ರಾಣಬಿಟ್ಟರು. 2022ರಲ್ಲಿ ಆ ದಾರಿಯನ್ನು ಅಗಲ ಮಾಡುವ ಕೆಲಸಕ್ಕೆ ಅಸ್ತಿವಾರ ಹಾಕಲ್ಪಟ್ಟಿತು. ಇಲ್ಲಿ ಎರಡು ಪಾಠಗಳಿವೆ. ರಸ್ತೆಯನ್ನು ಇಕ್ಕಟ್ಟಾಗಿ ಬಿಟ್ಟವರ ಜವಾಬ್ದಾರಿಯನ್ನು ಚಾಲಕನ ತಲೆಯ ಮೇಲೆ ಪೂರ್ಣವಾಗಿ ಹೊರಿಸಲಾಗದು ಎಂಬದು ಒಂದು. ಅಗಲ ಮಾಡಬೇಕೆಂದು ಬೇಡಿದ ನಾವೇ, ಅಗಲ ಮಾಡುವ ಕೆಲಸ ನಡೆಯುವಾಗ ತಡವಾಯಿತೆಂದು ಗೊಣಗಿದರೆ ಅದು ವಿವೇಕವಲ್ಲ ಎಂಬದು ಇನ್ನೊಂದು. ಬಿಸಿ ಡಾಂಬರಿನ ಹೊಗೆಯಲ್ಲಿ, ಓಡುವ ಲಾರಿಗಳಿಗೆ ಒಂದು ಮಾರು ದೂರದಲ್ಲಿ, ಕೆಂಪು ಬಟ್ಟೆ ಬೀಸುತ್ತಾ ನಿಂತಿರುವ ಆ ಕೂಲಿಯಾಳು ನಮ್ಮ ಬೇಡಿಕೆಗೋಸ್ಕರವೇ ಅಲ್ಲಿ ನಿಂತಿದ್ದಾನೆ. ಅವನು ಬಹುಶಃ ದೂರದ ಜಿಲ್ಲೆಯವನು. ಅವನ ಹೆಂಡತಿಯೂ ಬಾಂಡ್ಲಿಯಲ್ಲಿ ಜಲ್ಲಿ ಹೊರುತ್ತಾ ಅಲ್ಲಿಯೇ ಇದ್ದಾಳೆ. ಅವರ ಕೂಸು ಮರದಡಿಯ ಜೋಲಿಯಲ್ಲಿ ಮಲಗಿದೆ. ನಿಧಾನವಾಗಿ ಚಲಿಸಿರಿ ಎಂಬ ಹಲಗೆಯು ಅವರಿಗಿರುವ ಒಂದೇ ಗೋಡೆ.

ಹಾಗಾದರೆ ಹತ್ತು ಹಲಗೆಗಳಲ್ಲಿ ಒಂಬತ್ತು ಸುಳ್ಳಾಗಿದ್ದರೆ ಏನು ಮಾಡಬೇಕು? ಒಂಬತ್ತು ಸಾರಿ ವಿಧೇಯನಾದವನು ಕೆಲವು ನಿಮಿಷಗಳನ್ನು ಕಳಕೊಂಡನು. ಹತ್ತನೇ ಸಾರಿ ಅವಿಧೇಯನಾದವನು ಏನನ್ನು ಕಳಕೊಳ್ಳುವನೋ, ಅದನ್ನು ಯಾವ ನಿಮಿಷಗಳಿಂದಲೂ ತಿರುಗಿ ಕೊಂಡುಕೊಳ್ಳಲಾರನು. ಈ ಎರಡು ನಷ್ಟಗಳನ್ನು ತಕ್ಕಡಿಯಲ್ಲಿ ಇಡುವವನಿಗೆ ಸಂದೇಹ ಉಳಿಯದು. ಆದರೆ ವಿಧೇಯನಾದ ಮಾತ್ರಕ್ಕೆ ಕ್ರೈಸ್ತನ ಕರ್ತವ್ಯವು ತೀರಲಿಲ್ಲ. ಸುಳ್ಳು ಹಲಗೆಯನ್ನು ಬಿಟ್ಟವನು ಜನರಿಗೆ ನಿಜವಾದ ಹಲಗೆಯನ್ನೂ ನಂಬದಿರುವದನ್ನು ಕಲಿಸುತ್ತಾನೆ. ತೋಳ ಬಂತೆಂದು ಸುಮ್ಮನೆ ಕೂಗಿದ ಕುರುಬರ ಹುಡುಗನ ಪಾಪವೇ ಅವನದು. ಆದಕಾರಣ ಸ್ಥಳವನ್ನೂ ತಾರೀಕನ್ನೂ ಬರಕೊಂಡು, ಪಂಚಾಯತಿಗೂ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕೊಡಬೇಕು; ಒಂದು ಅರ್ಜಿಗೆ ಉತ್ತರ ಬಾರದಿದ್ದರೆ ಇನ್ನೊಂದನ್ನು ಕೊಡಬೇಕು. ನ್ಯಾಯಾಧಿಪತಿಯ ಬಾಗಲನ್ನು ಬಿಡದೆ ತಟ್ಟಿದ ವಿಧವೆಯ ಸಾಮ್ಯವನ್ನು ಕರ್ತನು ಪ್ರಾರ್ಥನೆಯ ವಿಷಯವಾಗಿ ಹೇಳಿದನು. ಬಿಡದೆ ಬೇಡುವ ಆ ಗುಣವು ಅರ್ಜಿಗೂ ಒಪ್ಪುವದು. ಹಲಗೆಯನ್ನು ಕಿತ್ತು ಬಿಸಾಡುವದು ಮಾತ್ರ ನಮ್ಮ ಕೆಲಸವಲ್ಲ.

ಇಲ್ಲಿ ನಮ್ಮ ಗ್ರಾಮಗಳಿಗೂ ಒಂದು ಮಾತು ಸಲ್ಲುತ್ತದೆ. ರಸ್ತೆಯಲ್ಲಿ ಊರಿನ ಮಗುವೊಂದು ಸತ್ತರೆ, ಆ ದುಃಖದಲ್ಲಿ ಊರವರು ಯಾರ ಅಪ್ಪಣೆಯನ್ನೂ ಕೇಳದೆ ರಸ್ತೆಗೆ ಅಡ್ಡಲಾಗಿ ಮಣ್ಣಿನದೋ ಕಾಂಕ್ರೀಟಿನದೋ ಹಂಪನ್ನು ಹಾಕುತ್ತಾರೆ. ಅವರ ದುಃಖವನ್ನು ಯಾರು ದೂಷಿಸಿಯಾರು? ಆದರೆ ಬಣ್ಣವಿಲ್ಲದ, ಹಲಗೆಯಿಲ್ಲದ ಆ ಹಂಪು ರಾತ್ರಿಯಲ್ಲಿ ಮೋಟರ್ ಸೈಕಲ್ಲಿನ ಹಿಂದೆ ಕೂತ ಬೇರೊಂದು ಊರಿನ ತಾಯಿಯನ್ನು ಕೆಡವುತ್ತದೆ. ಒಂದು ಮನೆಯ ಕಣ್ಣೀರನ್ನು ಒರಸುವದಕ್ಕೆ ಇನ್ನೊಂದು ಮನೆಗೆ ಕಣ್ಣೀರನ್ನು ಕಳುಹಿಸಿದ ಹಾಗಾಯಿತು. ಸುಗ್ಗಿಯ ಕಾಲದಲ್ಲಿ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹಾಸಿ, ಓಡುವ ವಾಹನಗಳ ಚಕ್ರದಿಂದಲೇ ಒಕ್ಕಿಸುವದೂ ಹೀಗೆಯೇ. ಸೊಪ್ಪಿನ ಮೇಲೆ ಚಕ್ರವು ಜಾರುತ್ತದೆ. ಒಣಗಿದ ಸೊಪ್ಪು ಗಾಡಿಯ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹತ್ತುವದೂ ಉಂಟು. ಕಣವಿಲ್ಲದ ಬಡ ರೈತನ ಕಷ್ಟವು ನಿಜವೇ. ಆದರೆ ಮುಚ್ಚದ ಗುಂಡಿಯ ವಿಧಿಯು ಗುತ್ತಿಗೆದಾರನಿಗೆ ಒಂದು, ನಮಗೆ ಒಂದು ಎಂದು ಎರಡಾಗಿ ಬರೆಯಲ್ಪಟ್ಟಿಲ್ಲ.

ಮೂರನೆಯದಾಗಿ, ಮೇಲೆ ಬೀಳುವ ಹಾಗೆ ನಡಿಸುವವರ ವಿಷಯ. ಇಂಥವರು ಹೊಸಬರಲ್ಲ. ಅರಸುಗಳ ಎರಡನೆಯ ಪುಸ್ತಕದಲ್ಲಿ, ಗೋಪುರದ ಮೇಲೆ ನಿಂತ ಕಾವಲುಗಾರನು ದೂರದಲ್ಲಿ ಬರುವ ರಥದ ಹುಚ್ಚು ಓಟವನ್ನು ನೋಡಿಯೇ, ಇವನು ಯೇಹುವಾಗಿರಬೇಕೆಂದು ಗುರುತಿಸಿದನು. ಮನುಷ್ಯನ ಮುಖವು ಕಾಣುವದಕ್ಕೆ ಮೊದಲೇ ಅವನ ಓಟವು ಅವನ ಗುಣವನ್ನು ಸಾರಿತು. ನಮ್ಮ ರಸ್ತೆಗಳಲ್ಲಿಯೂ ಹಾಗೆಯೇ. ಗಾಡಿಯ ಹಿಂದೆ ಶಿಲುಬೆಯ ಗುರುತನ್ನೋ ವೇದದ ವಾಕ್ಯವನ್ನೋ ಅಂಟಿಸಿಕೊಂಡು ಯೇಹುವಿನ ಹಾಗೆ ಓಡುವವನು, ಆ ವಾಕ್ಯವನ್ನು ಹಿಂದಿನವರು ಓದದಿದ್ದರೆ ಒಳ್ಳೇದಾಗಿತ್ತು ಎನ್ನಿಸುವಂತೆ ಮಾಡುತ್ತಾನೆ.

ಇಂಥವನು ಬೆನ್ನಿಗೆ ಹತ್ತಿದಾಗ ವಿಶ್ವಾಸಿಯು ಏನು ಮಾಡತಕ್ಕದ್ದು? ಸಿಟ್ಟು ಎರಡು ದಾರಿಗಳನ್ನು ತೋರಿಸುತ್ತದೆ. ತಾನೂ ವೇಗ ಹೆಚ್ಚಿಸಿ ಅವನನ್ನು ಮುಂದೆ ಹೋಗಗೊಡದಿರುವದು ಒಂದು. ಇದನ್ನು ಕಾನೂನೇ ನಿಷೇಧಿಸಿದೆ, ಯಾಕಂದರೆ ದಾಟಿ ಹೋಗುತ್ತಿರುವ ಗಾಡಿಗೆ ಅಡ್ಡಿಯಾಗುವಂತೆ ವೇಗ ಹೆಚ್ಚಿಸಬಾರದೆಂಬದು ರಸ್ತೆಯ ನಿಯಮವಾಗಿದೆ. ಇನ್ನೊಂದು ದಾರಿಯು ಧರ್ಮದ ವೇಷ ಹಾಕಿಕೊಂಡು ಬರುತ್ತದೆ: ನಾನು ಮಿತಿಯೊಳಗೇ ಇದ್ದೇನೆ, ತಪ್ಪು ಅವನದು, ಆದದರಿಂದ ಬಲಗಡೆಯ ಸಾಲನ್ನು ಬಿಡದೆ ಅವನಿಗೆ ಬುದ್ಧಿ ಕಲಿಸುವೆನು ಎಂಬ ಹಟ. ಇದು ನಿಯಮಪಾಲನೆಯಂತೆ ಕಂಡರೂ ಒಳಗೆ ಗರ್ವವೇ. ದೇವಾಲಯದಲ್ಲಿ ನಿಂತು ತಾನು ಇತರರ ಹಾಗಲ್ಲವೆಂದು ಕೊಂಡಾಡಿಕೊಂಡ ಫರಿಸಾಯನು ರಥ ನಡಿಸಿದ್ದರೆ ಹೀಗೆಯೇ ನಡಿಸುತ್ತಿದ್ದನು. ಮಿತಿಯನ್ನು ಪಾಲಿಸುವದು ನನ್ನ ಕರ್ತವ್ಯ. ಇನ್ನೊಬ್ಬನನ್ನು ರಸ್ತೆಯ ನಡುವೆ ಶಿಕ್ಷಿಸುವದು ನನಗೆ ಕೊಡಲ್ಪಟ್ಟ ಕೆಲಸವಲ್ಲ.

ಆದಿಕಾಂಡದ 13ನೇ ಅಧ್ಯಾಯದಲ್ಲಿ ಅಬ್ರಾಮನ ನಡತೆಯನ್ನು ನೋಡಿರಿ. ದನಕಾಯುವವರೊಳಗೆ ಜಗಳ ಹುಟ್ಟಿದಾಗ, ಹಿರಿಯನೂ ವಾಗ್ದಾನ ಹೊಂದಿದವನೂ ಆದ ಅಬ್ರಾಮನು ತಮ್ಮನ ಮಗನಾದ ಲೋಟನಿಗೆ ಆರಿಸಿಕೊಳ್ಳುವ ಹಕ್ಕನ್ನು ಬಿಟ್ಟುಕೊಟ್ಟನು. ಲೋಟನು ನೀರಾವರಿಯ ಒಳ್ಳೇ ಭೂಮಿಯನ್ನು ಆರಿಸಿಕೊಂಡನು. ಅಬ್ರಾಮನು ನಷ್ಟಹೊಂದಿದನೋ? ಇಲ್ಲ. ಬಿಟ್ಟುಕೊಡುವದು ಹೇಡಿತನವಲ್ಲ, ತನಗಿರುವದನ್ನು ಯಾರೂ ಕಸಕೊಳ್ಳಲಾರರೆಂದು ತಿಳಿದವನೇ ನಿಶ್ಚಿಂತೆಯಾಗಿ ಬಿಟ್ಟುಕೊಡಬಲ್ಲನು. ಆದಕಾರಣ ಎಡಕ್ಕೆ ಸರಿದು, ದಾರಿ ಕೊಟ್ಟು, ಅವನು ಮುಂದೆ ಹೋಗಲಿ ಎಂದು ಬಿಡಬೇಕು. ಆ ಚಾಲಕನ ಮನೆಯಲ್ಲಿ ಯಾರು ಕಾದಿದ್ದಾರೋ ನಮಗೆ ಗೊತ್ತಿಲ್ಲ; ಅವನು ಸುಖವಾಗಿ ಮುಟ್ಟಲೆಂದು ಒಂದು ಮಾತು ಪ್ರಾರ್ಥಿಸಿದರೆ, ಅವನ ಸಿಟ್ಟು ನಮ್ಮೊಳಗೆ ಇಳಿಯದೆ ಅಲ್ಲಿಯೇ ನಿಲ್ಲುತ್ತದೆ. ಆದರೆ ದಾರಿ ಕೊಡುವದು ಬೇರೆ, ಅವನ ವೇಗವನ್ನು ಸೇರಿಕೊಳ್ಳುವದು ಬೇರೆ. ಎಲ್ಲರೂ ಓಡುತ್ತಾರೆ, ಆದದರಿಂದ ನಾನೂ ಓಡುವೆನು ಎಂಬ ವಾದವು, ಬಹುಜನರು ಕೆಟ್ಟದ್ದನ್ನು ಮಾಡಿದರೆ ಅದು ಒಳ್ಳೇದಾಗುವದು ಎಂದು ಹೇಳಿದಂತೆಯೇ.

ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟಿಸಲ್ಪಟ್ಟಿತು. ಆ ವರುಷ ಆ ದಾರಿಯಲ್ಲಿ ನೂರಕ್ಕೂ ಮಿಕ್ಕಿ ಜನರು ಸತ್ತರು. ಆಗ 2023ರ ಆಗಸ್ಟ್ 1ರಿಂದ ಮೋಟರ್ ಸೈಕಲ್ಲು, ಆಟೋರಿಕ್ಷಾ, ಟ್ರ್ಯಾಕ್ಟರು ಮುಂತಾದವುಗಳು ಅದರ ಮುಖ್ಯ ಸಾಲುಗಳಲ್ಲಿ ಹೋಗಬಾರದೆಂದು ತಡೆಯಲ್ಪಟ್ಟವು. ತರುವಾಯ 100ರ ಮಿತಿಯನ್ನು ಮೀರಿದವರನ್ನು ಹಿಡಿಯುವದಕ್ಕೆ ಕ್ಯಾಮೆರಾಗಳು ಇಡಲ್ಪಟ್ಟವು. 2024ರಲ್ಲಿ ಗಂಟೆಗೆ 130 ಕಿಲೋಮೀಟರು ಮೀರಿದವರ ಮೇಲೆ ಮೊಕದ್ದಮೆ ಹೂಡುವೆವೆಂದು ರಾಜ್ಯದ ಪೊಲೀಸರು ಪ್ರಕಟಿಸಿದರು. ಇದರಿಂದ ಪ್ರಯೋಜನವಾಯಿತು, ಭಯವೂ ಕೆಲವು ಪ್ರಾಣಗಳನ್ನು ಉಳಿಸುತ್ತದೆ, ಅದನ್ನು ತಾತ್ಸಾರ ಮಾಡಬಾರದು. ಆದರೂ ಕ್ಯಾಮೆರಾ ಸಮೀಪಿಸಿದಾಗ ನಿಧಾನ, ಅದನ್ನು ದಾಟಿದೊಡನೆ ಓಟ, ಇದು ಎಲ್ಲಾ ಕಡೆಗಳಲ್ಲಿಯೂ ಕಾಣುವ ನಡತೆ. ಅಪೊಸ್ತಲನಾದ ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದಾಗ, ಯಜಮಾನನ ಕಣ್ಣು ಇರುವಾಗ ಮಾತ್ರ ದುಡಿಯುವ ಆಳುಗಳ ಗುಣವನ್ನು ಎತ್ತಿ ಎಚ್ಚರಿಸಿದನು. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಲ್ಲಿ ಅಧಿಕಾರಿಗಳಿಗೆ ಒಳಗಾಗುವದನ್ನು ಕುರಿತು ಹೇಳುವಾಗ, ದಂಡನೆಯ ಭಯವನ್ನು ಮಾತ್ರವಲ್ಲ, ಮನಸ್ಸಾಕ್ಷಿಯನ್ನೂ ಕಾರಣವಾಗಿ ಇಟ್ಟನು. ಆ ಅಧ್ಯಾಯವು ಅಲ್ಲಿಗೆ ನಿಲ್ಲದೆ ನೆರೆಯವನ ಪ್ರೀತಿಯ ಮಾತಿಗೆ ಮುಟ್ಟುವದನ್ನೂ ನೋಡಿರಿ. ವಿಧೇಯತ್ವದ ಬೇರು ಅಲ್ಲಿದೆ. ಕ್ಯಾಮೆರಾ ಇಲ್ಲದ ಹಳ್ಳಿಯ ದಾರಿಯಲ್ಲಿ, ನಡುರಾತ್ರಿಯಲ್ಲಿ, ಮಿತಿಯನ್ನು ಪಾಲಿಸುವವನು ಪೊಲೀಸರಿಗಲ್ಲ, ಕಾಣದಿರುವ ನೆರೆಯವನಿಗೆ ಮರ್ಯಾದೆ ಕೊಡುತ್ತಾನೆ.

ಚಾಲಕರಿಗೆ ಮಾತ್ರ ಬುದ್ಧಿ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಲಾರಿಯವನು ಯಾಕೆ ಓಡುತ್ತಾನೆ? ಸರಕು ಬೆಳಗಾಗುವದರೊಳಗೆ ಮಂಡಿಗೆ ಮುಟ್ಟದಿದ್ದರೆ ಯಜಮಾನನು ಬಾಡಿಗೆ ಕಡಿಯುತ್ತಾನೆ. ಆಟೋರಿಕ್ಷಾದವನು ಯಾಕೆ ನುಗ್ಗುತ್ತಾನೆ? ಎರಡು ಬಾಡಿಗೆ ಹೆಚ್ಚು ಹೊಡೆಯದಿದ್ದರೆ ಸಾಲದ ಕಂತು ತೀರದು. ಮದುವೆಯ ವ್ಯಾನು ಯಾಕೆ ಹಾರುತ್ತದೆ? ಮನೆಯಿಂದ ತಡವಾಗಿ ಹೊರಟ ನಾವೇ ಮುಹೂರ್ತಕ್ಕೆ ಮುಟ್ಟಿಸಪ್ಪಾ ಎಂದು ಹಿಂದಿನಿಂದ ಒತ್ತುತ್ತೇವೆ. ಸಭೆಯ ಕೂಟಗಳಿಗೆ ಜನರನ್ನು ಕರತರುವ ಗಾಡಿಗಳಿಗೂ ಇದೇ ಗತಿ. ಸತ್ತ ಮೇಲೆ ತಪ್ಪು ಚಾಲಕನದೆಂದು ಬರೆಯಲ್ಪಡುತ್ತದೆ. ಅವಸರ ಯಾರದೆಂದು ಯಾವ ವರದಿಯಲ್ಲಿಯೂ ಬರೆಯಲ್ಪಡುವದಿಲ್ಲ. ಆದಕಾರಣ ಯಜಮಾನರು ಆಗತಕ್ಕ ಹೊತ್ತನ್ನು ಕೊಡಲಿ, ಪ್ರಯಾಣಿಕರು ಅರ್ಧ ಗಂಟೆ ಮುಂಚೆ ಹೊರಡಲಿ, ತಂದೆತಾಯಿಗಳು ಲೈಸೆನ್ಸು ಇಲ್ಲದ ಹುಡುಗನ ಕೈಗೆ ಬೀಗದಕೈಯನ್ನು ಕೊಡದಿರಲಿ.

ಕಡೆಯದಾಗಿ, ಇಷ್ಟೆಲ್ಲಾ ಎಚ್ಚರಿಕೆಯ ತರುವಾಯವೂ ಅಪಘಾತಗಳು ಆಗುವವು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಇಬ್ಬರು ಭಕ್ತರು ದಾಟಿಹೋದರು. ಅವರಿಗೂ ಹೊತ್ತಾಗಿತ್ತೋ ಏನೋ. ಪೊಲೀಸರ ಮತ್ತು ಕೋರ್ಟಿನ ತಾಪತ್ರಯ ಬೇಡವೆಂದು ನಮ್ಮವರೂ ದಾಟಿಹೋಗುವದುಂಟು. ಆ ಭಯಕ್ಕೆ ಈಗ ಕಾರಣವಿಲ್ಲ. ಸಹಾಯಕ್ಕೆ ನಿಂತವರನ್ನು ತೊಂದರೆಪಡಿಸಬಾರದೆಂಬ ಸೂಚನೆಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. 2019ರ ತಿದ್ದುಪಡಿಯು ಅಂಥವರಿಗೆ ಕಾನೂನಿನಲ್ಲಿಯೇ ರಕ್ಷಣೆಯನ್ನು ಕೊಟ್ಟಿದೆ, ಮತ್ತು ತಮ್ಮ ಹೆಸರನ್ನು ತಿಳಿಸುವದೂ ಬಿಡುವದೂ ಅವರ ಇಷ್ಟಕ್ಕೇ ಬಿಡಲ್ಪಟ್ಟಿದೆ. ಹೀಗೆ ನಿಂತವನನ್ನು ಆ ಕಾನೂನು ಕರೆಯುವ ಹೆಸರು ಒಳ್ಳೇ ಸಮಾರ್ಯದವನು ಎಂಬದೇ. ಕರ್ತನ ಬಾಯಿಂದ ಬಂದ ಒಂದು ಸಾಮ್ಯವು ಈ ದೇಶದ ಕಾನೂನಿನೊಳಗೆ ನಿಂತಿರುವಾಗ, ಕರ್ತನವರೆನ್ನಿಸಿಕೊಂಡವರು ಅದನ್ನು ದಾಟಿ ಓಡಬಾರದು. ಡಿಕ್ಕಿ ಹೊಡೆದ ಚಾಲಕನನ್ನು ಜನರು ಸುತ್ತಿಕೊಂಡು ಹೊಡೆಯುವಾಗ ಅಡ್ಡ ನಿಂತು ಅವನನ್ನು ಬಿಡಿಸುವದೂ ಅದೇ ಕರ್ತವ್ಯಕ್ಕೆ ಸೇರಿದ್ದು. ಅವನೂ ದಾರಿಯಲ್ಲಿ ಬಿದ್ದವನೇ.

ಮೊದಲು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರವು ಇಷ್ಟೇ. ಆಜ್ಞೆಯ ಕಾರಣವು ನನಗೆ ಕಾಣದಿದ್ದರೂ, ಅದು ನನ್ನಿಂದ ಕೇಳುವದು ಸ್ವಲ್ಪ ಹೊತ್ತು ಮಾತ್ರವಾಗಿದ್ದು ಕಾಯುವದು ಇನ್ನೊಬ್ಬನ ಜೀವವಾಗಿದ್ದರೆ, ನಾನು ಅದಕ್ಕೆ ಒಳಗಾಗಬೇಕು; ಆಜ್ಞೆಯು ತಪ್ಪಾಗಿದ್ದರೆ ಅದನ್ನು ನೇರವಾದ ದಾರಿಯಿಂದ ತಿದ್ದಿಸಬೇಕು, ಮುರಿದು ತಿದ್ದಬಾರದು. ನನ್ನ ಹೊತ್ತಾದರೋ ನನ್ನದಲ್ಲ. ಅದನ್ನು ಕೊಟ್ಟವನು ನೆರೆಯವನನ್ನೂ ಕೊಟ್ಟಿದ್ದಾನೆ. ಸಹೋದರರೇ, ಬರುವ ವಾರ ನೀವು ರಸ್ತೆಗೆ ಇಳಿಯುವಾಗ, ಹುಲ್ಲಿನ ಹೊರೆ ಹೊತ್ತುಕೊಂಡು ಅಂಚಿನಲ್ಲಿ ನಡೆಯುವ ಹೆಂಗಸನ್ನು ನೋಡಿರಿ. ಹೊರೆಯ ನಿಮಿತ್ತ ಅವಳಿಗೆ ಹಿಂತಿರುಗಿ ನೋಡುವದಕ್ಕೆ ಆಗದು. ನಿಮ್ಮ ಕಾಲು ಎಲ್ಲಿ ಒತ್ತುತ್ತದೆ ಎಂಬದರ ಮೇಲೆ ಅವಳು ಮನೆ ಸೇರುವದು ನಿಂತಿದೆ. ನಮ್ಮ ಬರೋಣವನ್ನೂ ಹೋಗೋಣವನ್ನೂ ಕಾಯುವ ಕರ್ತನು ಅವಳನ್ನೂ ನಿಮ್ಮನ್ನೂ ಕ್ಷೇಮವಾಗಿ ಮನೆಗೆ ಸೇರಿಸಲಿ.